ಕದ್ದು ಕಲಿತ ದೋಣಿ

ನೋಟಿಸ್ ಪಿರಿಯಡ್‌ನಲ್ಲಿರುವವರ ಪಕ್ಕ ಕೂತು ಕೆಟಿ ತಗೊಂಡವರಿಗೆ ಆ ಹಿಂಸೆ ಏನು ಅಂತ ಗೊತ್ತಿರುತ್ತೆ. ಮೂರು ವರ್ಷ ಅವನೊಬ್ಬನೇ ನೋಡಿಕೊಂಡಿದ್ದ ಕೋಡು. ಎಲ್ಲೂ ಬರೆದಿಟ್ಟಿಲ್ಲ. ಹದಿನೈದು ದಿನದಲ್ಲಿ ಅದು ಅವನ ತಲೆಯಿಂದ ನಿಮ್ಮ ತಲೆಗೆ ದಾಟಬೇಕು. "ಇದು ಯಾಕೆ ಹೀಗಿದೆ?" ಅಂತ ಕೇಳಿದರೆ "ಅದು ಹಾಗೇ ಇರ್ಲಿ, ಮುಟ್ಟಬೇಡಿ" ಅನ್ನುವ ಉತ್ತರ. ಈಗ ಇದನ್ನೇ ಸ್ವಲ್ಪ ಹಿಗ್ಗಿಸಿ ನೋಡಿ. ಹೇಳಿಕೊಡಬೇಕಾದವನಿಗೆ ಎಂಬತ್ತರ ಹತ್ತಿರ ವಯಸ್ಸು. ಅವನ ಕೆಲಸ ಕಲಿಯೋಕೆ ಊರಿನ ಒಬ್ಬ ಹುಡುಗನೂ ಬಂದಿಲ್ಲ. ಕೆಲಸದ ಹೊತ್ತಲ್ಲಿ ಮಾತಾಡುವಂತಿಲ್ಲ, ಪ್ರಶ್ನೆ ಕೇಳುವುದಂತೂ ಅಪಚಾರ. ಅವನ ಭಾಷೆ ನಿಮಗೆ ಪರದೇಶದ್ದು. ಅವನು ಕಟ್ಟುವುದು ಕೋಡಲ್ಲ, ಮರದ ದೋಣಿ. ಒಂದು ಸಂದು ತಪ್ಪಿದರೆ ಒಳಗೆ ನೀರು.

ಡಗ್ಲಸ್ ಬ್ರೂಕ್ಸ್ ಎನ್ನುವ ಅಮೆರಿಕದ ದೋಣಿ ಬಡಗಿ ಇಂಥ ಶಿಷ್ಯವೃತ್ತಿಯನ್ನು ಜಪಾನಿನಲ್ಲಿ ಒಂದಲ್ಲ, ಐದು ಕಡೆ ಮಾಡಿದ. 1996ರಲ್ಲಿ ಸಾದೊ ದ್ವೀಪದಲ್ಲಿ ಶುರುವಾಗಿದ್ದು, ತೋಕಿಯೋ ಪಕ್ಕದ ಉರಾಯಾಸು, ತೋಕಿಯೋ, ಉತ್ತರದ ಅಓಮೊರಿ, ಕೊನೆಗೆ ದಕ್ಷಿಣದ ಓಕಿನಾವಾವರೆಗೆ ಹೋಯಿತು. ಆ ಐದು ದೋಣಿಗಳ ಕಥೆ ಮತ್ತು ಕಟ್ಟುವ ಕ್ರಮ ಎರಡೂ ಸೇರಿ 2015ರಲ್ಲಿ 'ಜಪಾನೀಸ್ ವುಡನ್ ಬೋಟ್‌ಬಿಲ್ಡಿಂಗ್' ಎಂಬ ದಪ್ಪ ಪುಸ್ತಕವಾಯಿತು. ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಇದನ್ನು ಯಾರು ಓದ್ತಾರೆ ಅಂತ ನೀವು ಕೇಳಬಹುದು. ಬಾಲ್ಕನಿಯಲ್ಲಿ ದೋಣಿ ಕಟ್ಟೋಕಾಗಲ್ಲ ನಿಜ. ಆದರೂ ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ಕೈಕಸುಬು ಹೇಗೆ ಸಾಯುತ್ತೆ ಅನ್ನೋದರ ಬಗ್ಗೆ ನಾವೆಲ್ಲ ಇಟ್ಟುಕೊಂಡಿರುವ ಕೆಲವು ಸಿದ್ಧ ನಂಬಿಕೆಗಳನ್ನು ಈ ಪುಸ್ತಕ ಅಲ್ಲಾಡಿಸುತ್ತೆ. ಕೆಲವು ಕಡೆ ಲೇಖಕನ ಇಷ್ಟಕ್ಕೆ ವಿರುದ್ಧವಾಗಿಯೇ ಅಲ್ಲಾಡಿಸುತ್ತೆ ಅಂತ ನನಗನ್ನಿಸಿದ್ದು. ಅದನ್ನು ಆಮೇಲೆ ಹೇಳ್ತೀನಿ.

ಮೊದಲು ಕೆಲಸದ ಮಾತು. ಯಾಕೆಂದರೆ ಈ ಪುಸ್ತಕದ ಜೀವ ಅಲ್ಲಿದೆ.

ಪಶ್ಚಿಮದ ದೋಣಿ ಕಟ್ಟುವವರು ಹಲಗೆ ಹಲಗೆಗಳ ನಡುವೆ ಹತ್ತಿ ಅಥವಾ ನಾರು ತುರುಕಿ ನೀರು ತಡೆಯುತ್ತಾರೆ. ಇಲ್ಲವೇ ಉತ್ತರ ಯುರೋಪಿನ ದೋಣಿಗಳ ಹಾಗೆ ಹಂಚು ಹೊದಿಸಿದಂತೆ ಒಂದರ ಮೇಲೊಂದು ಅಂಚು ಬರುವಂತೆ ಜೋಡಿಸುತ್ತಾರೆ. ಜಪಾನಿನವರ ದಾರಿ ಬೇರೆ. ಎರಡು ಹಲಗೆಗಳ ಅಂಚು ಎಷ್ಟು ಬಿಗಿಯಾಗಿ ಕೂರಬೇಕು ಅಂದ್ರೆ ನಡುವೆ ಏನೂ ತುರುಕುವ ಅಗತ್ಯವೇ ಬೀಳಬಾರದು. ಅದನ್ನು ಸಾಧಿಸುವ ಉಪಾಯ ಕೇಳಿದರೆ ಖುಷಿಯಾಗುತ್ತೆ. ಎರಡೂ ಹಲಗೆಗಳನ್ನು ಅಂಚಿಗೆ ಅಂಚು ಹಚ್ಚಿ ಬಿಗಿದು, ಆ ಸಂದಿನೊಳಗೇ ಗರಗಸ ಹಾಯಿಸುವುದು. ಉಬ್ಬು ತಗ್ಗು ಎಲ್ಲಿ ಮುಟ್ಟುತ್ತದೋ ಅಲ್ಲಿ ಗರಗಸ ಎರಡೂ ಕಡೆ ಒಟ್ಟಿಗೇ ಸವೆಸುತ್ತೆ. ಮತ್ತೆ ಒತ್ತಿ ಬಿಗಿಯುವುದು, ಮತ್ತೆ ಇನ್ನೂ ಸಣ್ಣ ಹಲ್ಲಿನ ಗರಗಸ. ಹೀಗೆ ಮೂರು ನಾಲ್ಕು ಸಲ ಆದಮೇಲೆ ಎರಡು ಅಂಚುಗಳು ಒಂದರ ಅಚ್ಚು ಇನ್ನೊಂದು ಆಗಿರುತ್ತವೆ. ಇದಕ್ಕೆ ಅವರು ಸುರಿಅವಾಸೆ ಅನ್ನುತ್ತಾರೆ. ಸರಳ ರೇಖೆ ಬೇಕಿಲ್ಲ, ಅಳತೆಪಟ್ಟಿ ಬೇಕಿಲ್ಲ. ಎರಡು ತಪ್ಪುಗಳು ಒಂದಕ್ಕೊಂದು ಹೊಂದಿಕೊಂಡರೆ ಸಾಕು! (ಕೆಲವು ಮದುವೆಗಳ ಬಗ್ಗೆಯೂ ಹೀಗೆ ಹೇಳಬಹುದು, ಬಿಡಿ.)

ಅದರ ಮೇಲೆ ಇನ್ನೊಂದು ಕೆಲಸ. ಜೋಡಿಸುವ ಮುಂಚೆ ಹಲಗೆಯ ಅಂಚನ್ನು ಸುತ್ತಿಗೆಯಿಂದ ಬಡಿದು ಮರದ ಎಳೆಗಳನ್ನು ಒಳಕ್ಕೆ ಅದುಮುತ್ತಾರೆ. ಕಿಗೊರೋಷಿ ಅಂತ ಹೆಸರು. ಅಕ್ಷರಶಃ ಅರ್ಥ ಮಾಡಿದರೆ 'ಮರವನ್ನು ಕೊಲ್ಲುವುದು'. ಹೀಗೆ ಅದುಮಿದ ಅಂಚನ್ನು ಇನ್ನೊಂದಕ್ಕೆ ಸೇರಿಸಿ ಮೊಳೆ ಹೊಡೆದು ದೋಣಿಯನ್ನು ನೀರಿಗಿಳಿಸಿದಾಗ, ಅದುಮಿದ ಎಳೆಗಳು ನೀರು ಕುಡಿದು ಮತ್ತೆ ಎದ್ದು ನಿಲ್ಲುತ್ತವೆ. ಸಂದು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತೆ. ಕೊಂದಿದ್ದು ಬದುಕಿ ಬಂದು ದೋಣಿಯನ್ನು ಕಾಯುತ್ತೆ ಅಂತ ಕಾವ್ಯ ಮಾಡಬಹುದಿತ್ತು. ಬ್ರೂಕ್ಸ್ ಅಂಥ ಕಡೆಯಲ್ಲೂ ಬಡಗಿಯ ಹಾಗೇ ಬರೆಯುತ್ತಾನೆ, ಅದು ನನಗೆ ಹಿಡಿಸಿತು.

ಮೊಳೆಗಳೂ ವಿಶೇಷ. ಚಪ್ಪಟೆ ಮೊಳೆಗಳನ್ನು ಒಂದು ಹಲಗೆಯ ಮೈಯಿಂದ ಓರೆಯಾಗಿ ಒಳನುಗ್ಗಿಸಿ ಇನ್ನೊಂದರ ಅಂಚಿನೊಳಕ್ಕೆ ಇಳಿಸಬೇಕು. ಅದಕ್ಕೆ ದಾರಿ ಮಾಡಲು ಒಂದು ಬೇರೆಯೇ ಉಳಿ ಇದೆ. ಕತ್ತಿಯ ಹಿಡಿಯ ಬಳಿ ಕೈ ಕಾಯುವ ಬಿಲ್ಲೆ ಇರುತ್ತಲ್ಲ, ಅಂಥದ್ದೇ ಒಂದು ಈ ಉಳಿಗೂ ಇದೆ. ಉಳಿ ಮರದೊಳಗೆ ಸಿಕ್ಕಿಕೊಂಡಾಗ ಆ ಬಿಲ್ಲೆಗೆ ಕೆಳಗಿನಿಂದ ಸುತ್ತಿಗೆ ಕೊಟ್ಟು ಈಚೆ ಎಬ್ಬಿಸುತ್ತಾರೆ. ಹಲಗೆಗಳು ತೆಳ್ಳಗಿನವು. ಉಳಿಯ ಕೋನ ಒಂದು ಚೂರು ತಪ್ಪಿದರೆ ಮೊಳೆಯ ಮೂತಿ ಇನ್ನೊಂದು ಕಡೆಯಿಂದ ಹೊರಗೆ ಇಣುಕುತ್ತೆ.

ಇಷ್ಟೆಲ್ಲ ಓದಿದ ಮೇಲೆ ನಮಗೆ ಒಂದು ಪ್ರಶ್ನೆ ಏಳುತ್ತೆ. ಅಂಚನ್ನು ಎಷ್ಟು ಬಡಿಯಬೇಕು? ಕಡಿಮೆ ಬಡಿದರೆ ಎಳೆ ಅದುಮಲ್ಲ, ಜಾಸ್ತಿ ಬಡಿದರೆ ಹರಿದೇ ಹೋಗುತ್ತೆ. ಪುಸ್ತಕದಲ್ಲಿ ಚಿತ್ರ ಇದೆ, ವಿವರಣೆ ಇದೆ. ಆದರೆ ಉತ್ತರ ಇರುವುದು ಸುತ್ತಿಗೆಯ ಸದ್ದಿನಲ್ಲಿ. ನಮ್ಮಲ್ಲಿ ಇದಕ್ಕೊಂದು ಮಾತಿದೆ, ಹದ. ಪಾಕದ ಹದ, ಮಣ್ಣಿನ ಹದ, ಶ್ರುತಿಯ ಹದ. ಸಾರಿನ ಪುಡಿಗೆ ಕೊತ್ತಂಬರಿ ಎಷ್ಟು ಹುರೀಬೇಕು ಅಂತ ಅಜ್ಜಿಯನ್ನು ಕೇಳಿದರೆ "ಹದಕ್ಕೆ ಬರೋ ತನಕ" ಅಂತಾರೆ. ಅದು ತಪ್ಪಿಸಿಕೊಳ್ಳುವ ಉತ್ತರ ಅಂತ ನಮಗನ್ನಿಸುತ್ತೆ, ಅವರಿಗೆ ಅದಕ್ಕಿಂತ ಖಚಿತವಾದ ಉತ್ತರ ಇಲ್ಲ. ಅಮೆರಿಕದ ಓದುಗರಿಗೆ ಬ್ರೂಕ್ಸ್ ಪುಟಗಟ್ಟಲೆ ವಿವರಿಸಬೇಕಾದ ಸಂಗತಿ ಕನ್ನಡ ಓದುಗರಿಗೆ ಎರಡಕ್ಷರದಲ್ಲಿ ಸಿಕ್ಕಿಬಿಡುತ್ತೆ.

ಈಗ ಗುಟ್ಟಿನ ವಿಷಯಕ್ಕೆ ಬರೋಣ.

ಜಪಾನಿನ ಹಳೆಯ ದೋಣಿ ಬಡಗಿಗಳು ಕಾಗದದ ಮೇಲೆ ನಕ್ಷೆ ಬರೆಯುತ್ತಿರಲಿಲ್ಲ. ಒಂದು ಹಲಗೆಯ ಮೇಲೆ ದೋಣಿಯ ಬದಿಯ ನೋಟವನ್ನು ಶಾಯಿಯಲ್ಲಿ ಗೀಚಿಟ್ಟುಕೊಳ್ಳುತ್ತಿದ್ದರು. ಆ ಹಲಗೆ ನೋಡಿದರೆ ದೋಣಿ ಕಟ್ಟಬಹುದು ಅಂತ ಅಂದುಕೊಳ್ಳಬೇಡಿ. ಮುಖ್ಯವಾದ ಕೆಲವು ಅಳತೆಗಳನ್ನು ಅದರಲ್ಲಿ ಬರೆಯುತ್ತಲೇ ಇರಲಿಲ್ಲ. ಅವು ಗುರುವಿನ ತಲೆಯಲ್ಲಿ. ಹಲಗೆ ಕದ್ದರೂ ದೋಣಿ ಕದಿಯಲಾಗದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೋಡು ಎಲ್ಲರ ಕಣ್ಣಿಗೂ ಬೀಳೋ ಹಾಗಿದೆ, ಪಾಸ್‌ವರ್ಡ್ ಮಾತ್ರ ಅಜ್ಜನ ಹತ್ರ.

ಕಲಿಕೆಯೂ ಹಾಗೇ. ಶಿಷ್ಯ ಅಂತ ಸೇರಿದವನು ಮೊದಲು ಕಸ ಗುಡಿಸಬೇಕು, ಉಳಿ ಮಸೆಯಬೇಕು, ಗುರುವಿನ ಕೈಗೆ ಸಾಮಾನು ಕೊಡಬೇಕು. ಗುರು ಹೇಳಿಕೊಡುವುದಿಲ್ಲ. ಶಿಷ್ಯ ಓರೆಗಣ್ಣಲ್ಲಿ ನೋಡಿ ನೋಡಿ ಕದಿಯಬೇಕು. ಈ ಕಲಿಕೆಗೆ ಅವರ ಹೆಸರೇ 'ಕದ್ದ ಪಾಠ' ಅಂತ. ಏಕಲವ್ಯ ನೆನಪಾಗುತ್ತಾನೆ ಅಲ್ವಾ? ನಮ್ಮ ಕಥೆಯಲ್ಲಿ ಕದ್ದು ಕಲಿತವನ ಹೆಬ್ಬೆರಳು ಹೋಯಿತು. ಇಲ್ಲಿ ಕದಿಯುವುದೇ ಶಿಷ್ಯನ ಧರ್ಮ, ಕದಿಯದವನು ಅಯೋಗ್ಯ. ಬ್ರೂಕ್ಸ್‌ಗೆ ಈ ಕ್ರಮದ ಮೇಲೆ ದೊಡ್ಡ ಗೌರವ. ಹೇಳಿಕೊಟ್ಟಿದ್ದು ಕಿವಿಯಲ್ಲಿ ಉಳಿಯುತ್ತೆ, ಕದ್ದದ್ದು ಕೈಗೆ ಇಳಿಯುತ್ತೆ ಅನ್ನುವ ಧಾಟಿ ಅವನದು. ಸ್ವಲ್ಪ ಮಟ್ಟಿಗೆ ಅದು ಸತ್ಯವೇ. ಸ್ಟಾಕ್ ಓವರ್‌ಫ್ಲೋದಿಂದ ಎತ್ತಿ ಅಂಟಿಸಿದ ಹತ್ತು ಸಾಲು ಮಾರನೇ ದಿನ ನೆನಪಿರಲ್ಲ. ರಾತ್ರಿಯೆಲ್ಲ ಒದ್ದಾಡಿ ಕಂಡುಹಿಡಿದ ಒಂದು ಸಾಲು ಹತ್ತು ವರ್ಷ ನೆನಪಿರುತ್ತೆ.

ಆದರೆ ನನ್ನ ತಕರಾರು ಶುರುವಾಗುವುದು ಇಲ್ಲೇ. ಬ್ರೂಕ್ಸ್ ಆರಾಧಿಸುವ ಈ ಮೌನಕ್ಕೂ, ಅವನು ಶೋಕಿಸುವ ಸಾವಿಗೂ ಸಂಬಂಧ ಇಲ್ಲವೇ? ದಿನಕ್ಕೊಂದು ದೋಣಿಗೆ ಗಿರಾಕಿ ಇದ್ದ ಕಾಲದಲ್ಲಿ ಗುಟ್ಟು ಅನ್ನುವುದು ಒಂದು ಬಂಡವಾಳ. ಪಕ್ಕದ ಊರಿನ ಬಡಗಿ ನಿಮ್ಮ ಅಳತೆ ಕದ್ದರೆ ನಿಮ್ಮ ಹೊಟ್ಟೆಗೆ ಹೊಡೆತ. ಆರೇಳು ವರ್ಷ ಬಿಟ್ಟಿ ದುಡಿಯುವ ಹುಡುಗರು ಸಿಗುತ್ತಿದ್ದ ಕಾಲಕ್ಕೆ ನಿಧಾನ ಕಲಿಕೆಯೂ ಸರಿ, ಆ ದುಡಿಮೆಯೇ ಗುರುವಿನ ಸಂಬಳ. ಅಂದ್ರೆ ಆ ಮೌನ ಝೆನ್ ಮಠದಿಂದ ಬಂದದ್ದಲ್ಲ, ಮಾರುಕಟ್ಟೆಯಿಂದ ಬಂದದ್ದು. ಫೈಬರ್ ದೋಣಿ ಬಂತು, ಗಿರಾಕಿ ಹೋದ, ಹುಡುಗರು ಕಾರ್ಖಾನೆಗೆ ಹೋದರು. ಮಾರುಕಟ್ಟೆ ಸತ್ತ ಮೇಲೂ ಮೌನ ಮಾತ್ರ ಉಳಿಯಿತು. ಕಾಯಬೇಕಾದ ಖಜಾನೆಯೇ ಇಲ್ಲದ ಮೇಲೂ ಬಾಗಿಲಿಗೆ ಬೀಗ ಹಾಕಿ ಕೂತ ಹಾಗೆ. ಪುಸ್ತಕ ಈ ಪ್ರಶ್ನೆಯ ಹತ್ತಿರ ಹತ್ತಿರ ಬರುತ್ತೆ. ಗುರುಗಳ ಮೇಲಿನ ಪ್ರೀತಿ ಅದನ್ನು ಪೂರ್ತಿ ಕೇಳಲು ಬಿಡಲ್ಲ. ಪ್ರೀತಿ ಅರ್ಥವಾಗುತ್ತೆ. ಆದರೂ ವಿಮರ್ಶಕನಾಗಿ ಇದು ಪುಸ್ತಕದ ದೊಡ್ಡ ಕೊರತೆ ಅಂತಲೇ ಹೇಳಬೇಕು.

ತಮಾಷೆ ನೋಡಿ, ಬ್ರೂಕ್ಸ್ ಮಾಡಿದ್ದು ಏನು? ತೆಳುವಾದ ಕಾಗದದ ಮೇಲೆ ಅಚ್ಚುಕಟ್ಟಾಗಿ ನಕ್ಷೆ ಬರೆದು, ಗುರುಗಳು ಹಲಗೆಯ ಮೇಲೆ ಬರೆಯದೇ ಬಿಟ್ಟ ಅಳತೆಗಳನ್ನೆಲ್ಲ ತುಂಬಿಸಿ, ಯಾರು ಬೇಕಾದರೂ ಕೊಳ್ಳಬಹುದಾದ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಮೌನವನ್ನು ಹೊಗಳುತ್ತಲೇ ಮೌನವನ್ನು ಮುರಿದ. ಅವನು ಹೇಳಿದ್ದಕ್ಕಿಂತ ಅವನು ಮಾಡಿದ್ದೇ ಸರಿ ಅನ್ನುವುದು ನನ್ನ ತೀರ್ಮಾನ.

ಐದು ಅಧ್ಯಾಯಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ತೋಕಿಯೋದ ಚೋಕಿ ದೋಣಿ, ಹಿಂದೆ ಎದೋ ಕಾಲದಲ್ಲಿ ನದಿ ಕಾಲುವೆಗಳಲ್ಲಿ ಜನ ಸಾಗಿಸುತ್ತಿದ್ದ ಚೂಪು ಮೂತಿಯ ಚೆಲುವೆ. ಹಳೆ ಮರದಚ್ಚಿನ ಚಿತ್ರಗಳಲ್ಲಿ ಕಾಣಿಸುತ್ತಲ್ಲ, ಅದೇ. ಅಓಮೊರಿಯ ಶಿಮಾಯಿಹಗಿ ಕಟ್ಟುವವರಿಗೆ ಉಪಯೋಗ, ನಮ್ಮಂಥವರು ಪುಟ ತಿರುಗಿಸಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಉಳಿದ ಮೂರು. ಮೂರು ದೋಣಿಗಳಿಗೆ ಮೂರು ಬೇರೆ ಬೇರೆ ಹಣೆಬರಹ.

ಸಾದೊ ದ್ವೀಪದ್ದು ತರಾಯಿಬುನೆ, ಅಂದ್ರೆ ತೊಟ್ಟಿ ದೋಣಿ. 'ಸ್ಪಿರಿಟೆಡ್ ಅವೇ' ಸಿನಿಮಾ ನೋಡಿದವರಿಗೆ ರೈಲು ಹತ್ತಲು ಹೊರಟ ಹುಡುಗಿಯನ್ನು ತೊಟ್ಟಿಯಲ್ಲಿ ಕೂರಿಸಿ ಹುಟ್ಟು ಹಾಕುವ ದೃಶ್ಯ ನೆನಪಿರಬೇಕು. ಅದು ಬರೀ ಕಲ್ಪನೆ ಅಂದುಕೊಂಡಿದ್ದರೆ, ಅಂಥ ದೋಣಿ ನಿಜಕ್ಕೂ ಇದೆ. 1802ರಲ್ಲಿ ಸಾದೊದಲ್ಲಿ ಭೂಕಂಪವಾಗಿ ಒಗಿ ಎಂಬ ಊರಿನ ಕಡಲಂಚಿನ ನೆಲ ಮೇಲೆದ್ದು, ಬಂಡೆಗಳ ನಡುವೆ ಸಣ್ಣ ಸಣ್ಣ ಕಿರಿದಾದ ಕೊಲ್ಲಿಗಳಾದವು. ಉದ್ದ ದೋಣಿ ಅಲ್ಲಿ ತಿರುಗಲ್ಲ. ಮನೆಯಲ್ಲಿ ಬಳಸುವ ಮರದ ತೊಟ್ಟಿಯ ಜಾಣ್ಮೆಯೇ ಮುಂದೆ ಮೊಟ್ಟೆಯಾಕಾರದ ದೋಣಿಯಾಯಿತು. ಸುಗಿ ಮರದ ಪಟ್ಟಿಗಳು, ಅವನ್ನು ಬಿಗಿಯಲು ಹೆಣೆದ ಬಿದಿರಿನ ಬಳೆಗಳು. ಅದರಲ್ಲಿ ಕೂತು, ತಳಕ್ಕೆ ಗಾಜು ಹಾಕಿದ ಪೆಟ್ಟಿಗೆಯಿಂದ ನೀರೊಳಗೆ ನೋಡುತ್ತಾ, ಉದ್ದನೆ ಕೋಲಿನಿಂದ ಶಂಖದ ಹುಳು, ಚಿಪ್ಪು, ಕಡಲಪಾಚಿ ಎತ್ತುವುದು. ಈಗ ಒಗಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಮಹಿಳೆಯರು ಹುಟ್ಟು ಹಾಕುತ್ತಾರೆ. ಜಪಾನ್ ಸರ್ಕಾರ 2007ರಲ್ಲಿ ಈ ದೋಣಿ ಕಟ್ಟುವ ವಿದ್ಯೆಯನ್ನು ಕಾಪಾಡಬೇಕಾದ ಜನಪದ ಆಸ್ತಿ ಎಂದು ಗುರುತಿಸಿತು. ಬ್ರೂಕ್ಸ್ 1996ರಲ್ಲೇ ಹೋಗಿ ಅಲ್ಲಿಯ ವೃದ್ಧ ಬಡಗಿಯ ಬಳಿ ಕಲಿತಿದ್ದ, 2003ರಲ್ಲಿ ಅದಕ್ಕೇ ಮೀಸಲಾದ ಸಣ್ಣ ಪುಸ್ತಕವನ್ನೂ ಬರೆದಿದ್ದ. ಸರ್ಕಾರಕ್ಕಿಂತ ಹತ್ತು ವರ್ಷ ಮುಂಚೆ ಒಬ್ಬ ವಿದೇಶಿ ಬಡಗಿ ಹೋಗಿ ಕಸ ಗುಡಿಸುತ್ತಿದ್ದ ಅನ್ನುವುದನ್ನು ಗಮನಿಸಿ.

ಉರಾಯಾಸುವಿನದು ಬೆಕಾಬುನೆ. ಒಬ್ಬನೇ ಕೂರುವ ಪುಟ್ಟ ಚಪ್ಪಟೆ ದೋಣಿ, ತೋಕಿಯೋ ಕೊಲ್ಲಿಯ ಕೆಸರು ತೀರದಲ್ಲಿ ನೋರಿ ಪಾಚಿ ಕೊಯ್ಯಲು. ನೀವು ಸುಶಿಗೆ ಸುತ್ತಿಕೊಂಡು ತಿನ್ನುತ್ತೀರಲ್ಲ, ಅದೇ ನೋರಿ. 1958ರಲ್ಲಿ ನದಿಯ ಮೇಲ್ಗಡೆಯ ಕಾಗದದ ಕಾರ್ಖಾನೆಯ ಕೊಳಕು ನೀರು ಕೊಲ್ಲಿಗೆ ಬಂದು ಮೀನು ಚಿಪ್ಪು ಸತ್ತವು, ಮೀನುಗಾರರು ಕಾರ್ಖಾನೆಗೆ ನುಗ್ಗಿದರು, ದೇಶವೇ ಬೆಚ್ಚಿತು. 1971ರ ಹೊತ್ತಿಗೆ ಉರಾಯಾಸುವಿನವರು ಮೀನುಗಾರಿಕೆಯ ಹಕ್ಕನ್ನೇ ಪೂರ್ತಿ ಬಿಟ್ಟುಕೊಟ್ಟರು. ಕೊಲ್ಲಿಗೆ ಮಣ್ಣು ತುಂಬಿತು. ಆ ಮಣ್ಣಿನ ಮೇಲೆ 1983ರಲ್ಲಿ ತೋಕಿಯೋ ಡಿಸ್ನಿಲ್ಯಾಂಡ್ ಎದ್ದಿತು. ಬೆಕಾಬುನೆ ಈಗ ಊರಿನ ಮ್ಯೂಸಿಯಮ್ಮಿನಲ್ಲಿದೆ. ಆ ಊರನ್ನೇ ಬೇರೆ ಹೆಸರಿಟ್ಟು ಬರೆದ, ನೀಲಿ ಬೆಕಾ ದೋಣಿಯ ಕಥೆಯೊಂದು ಯಾಮಾಮೊತೊ ಶೂಗೊರೊ ಬರೆದ ಕಾದಂಬರಿಯಾಗಿ ಪ್ರಸಿದ್ಧವಾಯಿತು, ಸಿನಿಮಾ ಕೂಡ ಆಯಿತು. ಆದರೆ ದೋಣಿ ಹಾಯಿಸಲು ಆ ನೀರೇ ಇಲ್ಲ. ಇಲ್ಲಿ ಕಟ್ಟುವ ವಿದ್ಯೆಯನ್ನು ಎಷ್ಟು ಚೆನ್ನಾಗಿ ದಾಖಲಿಸಿದರೂ ಉಪಯೋಗ ಏನು? ಬ್ರೂಕ್ಸ್ ಈ ಅಧ್ಯಾಯದಲ್ಲಿ ಉಳಿ ಸುತ್ತಿಗೆಗೆ ಕೊಟ್ಟ ಜಾಗದ ಕಾಲು ಭಾಗವನ್ನಾದರೂ ಹೋದ ನೀರಿಗೆ ಕೊಡಬೇಕಿತ್ತು ಅಂತ ನನಗನ್ನಿಸಿತು. ಬೆಕಾಬುನೆಯನ್ನು ಕೊಂದದ್ದು ಫೈಬರ್ ಅಲ್ಲ, ರಿಯಲ್ ಎಸ್ಟೇಟ್. ಕೆರೆ ಮುಚ್ಚಿ ಲೇಔಟ್ ಮಾಡಿದ ಊರಿನಲ್ಲಿ ಕೂತು ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಓಕಿನಾವಾದ ಸಬಾನಿ. ಹಿಂದೆ ದೊಡ್ಡ ಮರದ ದಿಮ್ಮಿಯನ್ನೇ ಕೊರೆದು ಮಾಡುತ್ತಿದ್ದರು. ಕಾಡು ಖಾಲಿಯಾಗತೊಡಗಿದಾಗ ರ್ಯೂಕ್ಯೂ ರಾಜ್ಯ ಹದಿನೆಂಟನೇ ಶತಮಾನದಲ್ಲಿ ದಿಮ್ಮಿ ಕೊರೆಯುವುದಕ್ಕೆ ತಡೆ ಹಾಕಿತು. ಬಡಗಿಗಳು ಹಲಗೆ ಜೋಡಿಸಿ ಅದೇ ಆಕಾರ ತಂದರು. ಕಬ್ಬಿಣದ ಮೊಳೆಗೆ ಬದಲು, ನಡು ಸಣ್ಣಗೆ ತುದಿ ಅಗಲವಾಗಿರುವ ಮರದ ಕೀಲುಗಳನ್ನು ಸಂದಿನ ಅಡ್ಡಕ್ಕೆ ಬಿಗಿಯಾಗಿ ಕೂರಿಸುವುದು, ಜೊತೆಗೆ ಬಿದಿರಿನ ಮೊಳೆ. ನಾವು 'ಪರಂಪರೆ' ಅಂತ ಕರೆಯುವ ಸಬಾನಿ ನಿಜಕ್ಕೂ ಒಂದು ಅರಣ್ಯ ಕಾನೂನಿನ ಮಗು. ಈ ಒಂದು ಸಂಗತಿ ಸಾಕು, ಪರಂಪರೆ ಅಂದ್ರೆ ಕದಲದ ಬಂಡೆ ಅಂತ ಭಾಷಣ ಮಾಡುವವರ ಬಾಯಿ ಮುಚ್ಚಿಸೋಕೆ. ಅಲ್ಲಿ 2000ದಿಂದ ಜಮಾಮಿ ದ್ವೀಪದಿಂದ ನಾಹಾವರೆಗೆ ಹಾಯಿ ಕಟ್ಟಿದ ಸಬಾನಿಗಳ ಪಂದ್ಯ ಶುರುವಾಯಿತು. ಪಂದ್ಯ ಬಂದಮೇಲೆ ತಂಡಗಳು ಹುಟ್ಟಿದವು, ತಂಡಗಳಿಗೆ ದೋಣಿ ಬೇಕಾಯಿತು, ದೋಣಿಗೆ ಬಡಗಿ ಬೇಕಾದ. ಮೀನು ಹಿಡಿಯೋಕೆ ಬೇಡವಾದದ್ದು ಗೆಲ್ಲೋಕೆ ಬೇಕಾಯಿತು. ನಮ್ಮ ಕಂಬಳದ ಕೋಣಗಳನ್ನು ನೆನೆಯಿರಿ. ಗದ್ದೆ ಉಳೋಕೆ ಟಿಲ್ಲರ್ ಬಂದಿದೆ, ಆದರೂ ಕೋಣ ಸಾಕುವವರಿದ್ದಾರೆ.

ಹಾಗಾಗಿ 'ಕೊನೆಯ ಬಡಗಿ' ಅನ್ನುವ ರೂಪಕದ ಬಗ್ಗೆ ನನಗೊಂದು ಕಿರಿಕಿರಿ ಇದೆ. ಇಂಥ ಪುಸ್ತಕಗಳೂ ಡಾಕ್ಯುಮೆಂಟರಿಗಳೂ ಯಾವಾಗಲೂ 'ಕೊನೆಯವನ' ಬೆನ್ನು ಹತ್ತುತ್ತವೆ. ಸುಕ್ಕುಗಟ್ಟಿದ ಕೈ, ಕಿಟಕಿಯಿಂದ ಬೀಳುವ ಬಿಸಿಲು, ತೇಲುವ ಮರದ ಪುಡಿ, ಹಿನ್ನೆಲೆಯಲ್ಲಿ ಕೊಳಲು. ಬ್ರೂಕ್ಸ್ ಅಷ್ಟು ಅಗ್ಗ ಅಲ್ಲ, ಅವನು ಸ್ವತಃ ಕೈ ಕೆಸರು ಮಾಡಿಕೊಂಡವನು. ಆದರೆ ಅವನ ಪುಸ್ತಕದ ನಡು ಮಧ್ಯೆ ನಿಂತಿರುವವನು ಕಟ್ಟುವ ಅಜ್ಜನೇ. ಹುಟ್ಟು ಹಾಕುವ ಹೆಂಗಸು, ಚಪ್ಪಟೆ ಮೊಳೆ ಬಡಿಯುವ ಕಮ್ಮಾರ, ಸುಗಿ ಮರವನ್ನು ಗಂಟಿಲ್ಲದಂತೆ ಬೆಳೆಸುವ ಕಾಡಿನವ, ಬಿದಿರು ಸೀಳಿ ಬಳೆ ಹೆಣೆಯುವವ, ಇವರೆಲ್ಲ ಅಂಚಿನಲ್ಲಿ ಬಂದು ಹೋಗುತ್ತಾರೆ. ದೋಣಿ ಒಬ್ಬನ ಕೈಯಲ್ಲಿ ಇರಲ್ಲ, ಒಂದು ಸಾಲಿನಲ್ಲಿ ಇರುತ್ತೆ. ಕಮ್ಮಾರ ಸತ್ತರೆ ಬಡಗಿ ಬದುಕಿದ್ದೂ ಸತ್ತ ಹಾಗೆ. ಇಸೆ ಎಂಬಲ್ಲಿನ ದೇಗುಲವನ್ನು ಜಪಾನಿನವರು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ, 2013ರಲ್ಲಿ ಕಟ್ಟಿದ್ದೇ ಈಚಿನದು. ಅಲ್ಲಿ ಉಳಿಯುವುದು ಬಡಗಿ ಮಾತ್ರ ಅಲ್ಲ, ಹುಲ್ಲು ಹೊದಿಸುವವನು, ಬಟ್ಟೆ ನೇಯುವವನು, ಮರ ನೆಡುವವನು ಎಲ್ಲರಿಗೂ ಇಪ್ಪತ್ತು ವರ್ಷಕ್ಕೊಂದು ಆರ್ಡರ್ ಖಾತ್ರಿ. ದೋಣಿಗೆ ಅಂಥ ದೇವರಿಲ್ಲ.

ತೊಟ್ಟಿ ದೋಣಿ ಅಂದ ಕೂಡಲೇ ಹರಿಗೋಲು ನೆನಪಾಗಿರಬೇಕು ನಿಮಗೆ. ಹಂಪಿಗೆ ಹೋದವರು ತುಂಗಭದ್ರೆಯಲ್ಲಿ ಅದನ್ನು ಹತ್ತಿ, ಅಂಬಿಗ ಗಿರಗಿರ ತಿರುಗಿಸಿದಾಗ ಕಿರುಚಿ, ರೀಲ್ ಮಾಡಿ ಬಂದಿರುತ್ತೀರಿ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪೇಸ್ ಅದೇ ನದಿಯಲ್ಲಿ ಬುಟ್ಟಿಯಂಥ ದುಂಡು ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹತ್ತಿಪ್ಪತ್ತು ಜನ ಹಿಡಿಸುತ್ತಿದ್ದರು, ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರು. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದಿದೆ. ಇದನ್ನು ನೋಡಿ "ಅಯ್ಯೋ, ಒರಿಜಿನಲ್ ಹೋಯ್ತು" ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಹೆಣಿಗೆಯ ಕೈ ಉಳಿದಿದೆ, ಹೊದಿಕೆ ಮಾತ್ರ ಬದಲಾಗಿದೆ. ರ್ಯೂಕ್ಯೂ ಬಡಗಿ ದಿಮ್ಮಿ ಬಿಟ್ಟು ಹಲಗೆ ಹಿಡಿದದ್ದಕ್ಕಿಂತ ಇದು ದೊಡ್ಡ ಬದಲಾವಣೆಯೇನಲ್ಲ. ಆದರೆ ಹರಿಗೋಲಿನ ಹೆಣಿಗೆ ಹೇಗೆ ಶುರುವಾಗುತ್ತೆ, ಯಾವ ಬಿದಿರನ್ನು ಯಾವಾಗ ಕಡಿಯಬೇಕು, ಅಂಚನ್ನು ಹೇಗೆ ಮಡಿಸಬೇಕು ಅಂತ ಹೇಳುವ, ಬ್ರೂಕ್ಸ್‌ನ ತೊಟ್ಟಿ ಪುಸ್ತಕದಷ್ಟು ನಿಷ್ಠೆಯ ಒಂದು ಪುಸ್ತಕವನ್ನು ನಾನು ಕನ್ನಡದಲ್ಲಿ ಓದಿಲ್ಲ. ಓದೋಕೆ ಆಸೆ ಇದೆ.

ಬರೆದಿಡದಿದ್ದರೆ ಏನಾಗುತ್ತೆ ಅನ್ನುವುದಕ್ಕೆ ಉದಾಹರಣೆ ನಮ್ಮ ಕಾರವಾರದಲ್ಲೇ ಇದೆ. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹೊಲಿದ ಹಡಗು ನೌಕಾಪಡೆಗೆ ಸೇರಿತು. ಹಲಗೆಗಳಿಗೆ ಮೊಳೆ ಇಲ್ಲ. ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿದು, ಅಂಟು ಎಣ್ಣೆ ಬಳಿದು ಬಿಗಿ ಮಾಡಿದ್ದು. ಪಶ್ಚಿಮ ಕರಾವಳಿಯ ಉದ್ದಕ್ಕೂ ಒಂದು ಕಾಲಕ್ಕೆ ಸರ್ವೇಸಾಮಾನ್ಯವಾಗಿದ್ದ ವಿದ್ಯೆ ಅದು. ಆದರೆ ಹಳೆ ಹಡಗಿನ ಒಂದೇ ಒಂದು ನಕ್ಷೆ ಕೈಯಲ್ಲಿ ಇರಲಿಲ್ಲ. ಅಜಂತಾದ ಗೋಡೆಯ ಮೇಲಿನ ಐದನೇ ಶತಮಾನದ ಚಿತ್ರ ನೋಡಿ ಆಕಾರ ಊಹಿಸಬೇಕಾಯಿತು, ಮದ್ರಾಸ್ ಐಐಟಿಯಲ್ಲಿ ಮಾದರಿ ಇಟ್ಟು ನೀರಿನ ಪರೀಕ್ಷೆ ಮಾಡಬೇಕಾಯಿತು. ಆಕಾರ ಗೋಡೆಯಿಂದ ಬಂತು, ಹೊಲಿಗೆ ಮಾತ್ರ ಗೋಡೆಯಿಂದ ಬರಲಿಲ್ಲ. ಅದು ಬಂದದ್ದು ಬಾಬು ಶಂಕರನ್ ಎಂಬ ಹಿರಿಯ ಕಸುಬಿಯೂ ಅವರ ಜೊತೆಗಿದ್ದ ಕೇರಳದ ಕೆಲಸಗಾರರೂ ಇನ್ನೂ ಮರೆಯದೇ ಇಟ್ಟುಕೊಂಡಿದ್ದ ಕೈಯಿಂದ. ಪತ್ರಿಕೆಗಳು ಹಡಗಿನ ಫೋಟೋ ಹಾಕಿದವು, ಪ್ರಾಚೀನ ವೈಭವದ ತಲೆಬರಹ ಕೊಟ್ಟವು. ಒಂದು ಗಂಟು ಹೇಗೆ ಬಿಗಿಯುತ್ತಾರೆ ಅಂತ ಅರ್ಧ ಪುಟ ಬರೆದಿದ್ದರೆ ನನಗೆ ಹೆಚ್ಚು ಖುಷಿಯಾಗುತ್ತಿತ್ತು. ಅದೇ ಕಾರವಾರದ ದಡದಲ್ಲಿ ನಿತ್ಯ ಕಡಲಿಗಿಳಿಯುವ ದೋಣಿಗಳು ಫೈಬರಿನವು. ಅದಕ್ಕೆ ಮೀನುಗಾರರನ್ನು ದೂರುವುದು ಅನ್ಯಾಯ. ವರ್ಷಾವರ್ಷ ಹುರಿ ಬಿಚ್ಚಿ ಮತ್ತೆ ಹೊಲಿಯುವ ಕೂಲಿ ಯಾರು ಕೊಡಬೇಕು? ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಊರಿಗೂರೇ ಸೇರಿ ಎಳೆಯುತ್ತಿದ್ದ ರಾಂಪಣಿ ಬಲೆಯನ್ನು ಮೂಲೆಗೆ ತಳ್ಳಿದಾಗಲೇ ಅದರ ದೋಣಿಯ ಲೆಕ್ಕವೂ ಮುಗಿದಿತ್ತು.

ಐದು ನಾರ್ಡಿಕ್ ದೇಶಗಳು ಒಟ್ಟಾಗಿ ಅರ್ಜಿ ಹಾಕಿ 2021ರಲ್ಲಿ ತಮ್ಮ ಹಂಚಿನಂಚಿನ ದೋಣಿಗಳ ಸಂಪ್ರದಾಯವನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿಕೊಂಡವು. ಪಟ್ಟಿಯಿಂದ ದೋಣಿ ತೇಲಲ್ಲ, ನಿಜ. ಆದರೆ ಅಲ್ಲಿನ ವಿಶೇಷ ಅಂದ್ರೆ ವಾರಾಂತ್ಯಕ್ಕೆ ತಮ್ಮದೇ ಮರದ ದೋಣಿ ಇಟ್ಟುಕೊಂಡು ಹಾಯಿಸುವ ಸಾಮಾನ್ಯ ಜನ ಇದ್ದಾರೆ. ಬ್ರೂಕ್ಸ್ ಜಪಾನಿಗೆ ಹೋಗುವ ಮುಂಚೆಯೇ ಸ್ಯಾನ್ ಫ್ರಾನ್ಸಿಸ್ಕೋದ ಕಡಲ ಮ್ಯೂಸಿಯಮ್ಮಿನಲ್ಲಿ ಸಣ್ಣ ದೋಣಿಗಳ ಕೆಲಸ ಮಾಡಿದವನು. ಅಮೆರಿಕದಲ್ಲೂ ಹವ್ಯಾಸಿಗಳಿಗಾಗಿಯೇ 'ವುಡನ್‌ಬೋಟ್' ಎಂಬ ಪತ್ರಿಕೆ 1974ರಿಂದ ಬರುತ್ತಿದೆ. ಅಂಥ ಓದುಗ ಬಳಗ ಇದ್ದದ್ದರಿಂದಲೇ ಈ ಪುಸ್ತಕ ಸಾಧ್ಯವಾಯಿತು. ಜಪಾನಿನಲ್ಲಿ ಹವ್ಯಾಸಿ ಬಡಗಿಗೆ ಜಾಗವೇ ಇರಲಿಲ್ಲ. ಒಂದೋ ನೀನು ಆರು ವರ್ಷ ಕಸ ಗುಡಿಸಿದ ಶಿಷ್ಯ, ಇಲ್ಲವೇ ಹೊರಗಿನವ. ಶನಿವಾರ ಬಂದು ಸುತ್ತಿಗೆ ಹಿಡಿದು ಭಾನುವಾರ ಮನೆಗೆ ಹೋಗುವವನಿಗೆ ಬಾಗಿಲು ತೆರೆದಿದ್ದರೆ ಕಥೆ ಬೇರೆ ಇರುತ್ತಿತ್ತೇನೋ. ಅಂಥವನು ಗುರುವಿನಷ್ಟು ನಿಪುಣ ಆಗಲ್ಲ. ಅವನ ದೋಣಿ ಸ್ವಲ್ಪ ಸೋರುತ್ತೆ. ಆದರೆ ಅವನು ಕಮ್ಮಾರನ ಹತ್ತಿರ ಮೊಳೆ ಕೊಳ್ಳುತ್ತಾನೆ.

ಓದುವವರಿಗೆ ಒಂದು ಸಲಹೆ. ಪುಸ್ತಕ ದುಬಾರಿ, ತೂಕವೂ ಜಾಸ್ತಿ. ಮೊದಲ ಪುಟದಿಂದ ಹಿಡಿದರೆ ಉಪಕರಣಗಳ ಹೆಸರಿನಲ್ಲೇ ಸುಸ್ತಾಗುತ್ತೀರಿ. ನೇರ ಕೊನೆಗೆ ಹೋಗಿ ಓಕಿನಾವಾದ ಅಧ್ಯಾಯ ಓದಿ, ಅಲ್ಲಿಂದ ಹಿಂದಕ್ಕೆ ಸಾದೊಗೆ ಬನ್ನಿ. ಆಮೇಲೆ ಮುಂದಿನ ಸಲ ಆನೆಗೊಂದಿ ಕಡೆ ಹೋದಾಗ ಹರಿಗೋಲಿನಲ್ಲಿ ಗಿರಗಿರ ತಿರುಗಿ ಇಳಿದ ಮೇಲೆ ಐದು ನಿಮಿಷ ಅಲ್ಲೇ ನಿಲ್ಲಿ. ದಡದಲ್ಲಿ ಯಾವುದಾದರೊಂದು ಹರಿಗೋಲನ್ನು ಬೋರಲು ಹಾಕಿ ಟಾರು ಬಳಿಯುತ್ತಿದ್ದರೆ, ಯಾವ ಬಿದಿರು, ಎಷ್ಟು ದಿನದ ಕೆಲಸ, ಯಾರು ಕಲಿಸಿದ್ದು ಅಂತ ಕೇಳಿ ನೋಡಿ. ನಮ್ಮ ಅಂಬಿಗರಿಗೆ ಜಪಾನಿನ ಮೌನದ ವ್ರತ ಇಲ್ಲ.